ಬೆಂದ ಮೈಗೆ ಚರ್ಮದ ಹೊದಿಕೆ

ಬೆಂಕಿ ತಗುಲಿ ಮೈಯ ಹೆಚ್ಚಿನ ಭಾಗ ಸುಟ್ಟವರಿಗೆ ಮೊದಲ ಎರಡು ದಿನಗಳಲ್ಲಿ ಎದುರಾಗುವ ಗಂಡಾಂತರ ಬೇರೆ, ಅದನ್ನು ದಾಟಿದವರಿಗೆ ಮುಂದಿನ ವಾರಗಳಲ್ಲಿ ಕಾದಿರುವ ಗಂಡಾಂತರ ಬೇರೆ. ರಕ್ತನಾಳಗಳ ಗೋಡೆ ಸಡಿಲಗೊಂಡು ನೀರು, ಲವಣ ಮತ್ತು ಪ್ರೋಟೀನು ಸುತ್ತಲ ಅಂಗಾಂಶಕ್ಕೆ ಸೋರಿಹೋಗಿ ರಕ್ತದೊತ್ತಡ ಕುಸಿಯುವ ಸ್ಥಿತಿ ಮೊದಲನೆಯದು. ವೈದ್ಯರು ಇದನ್ನು ‘ಶಾಕ್’ ಎನ್ನುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಡಲ್ಲಾಸ್ ನಗರದ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯಲ್ಲಿ ಚಾರ್ಲ್ಸ್ ಬ್ಯಾಕ್ಸ್‌ಟರ್ ರೂಪಿಸಿದ ಸೂತ್ರದ ಪ್ರಕಾರ, ರೋಗಿಯ ತೂಕದ ಪ್ರತಿ ಕಿಲೋಗೆ ಮತ್ತು ಸುಟ್ಟ ಮೈಯ ಪ್ರತಿ ಶೇಕಡಾ 1ಕ್ಕೆ 4 ಮಿಲಿಲೀಟರಿನಂತೆ ದ್ರವವನ್ನು ಮೊದಲ 24 ಗಂಟೆಗಳಲ್ಲಿ ರಕ್ತನಾಳದ ಮೂಲಕ ಕೊಡಬೇಕು. 60 ಕಿಲೋ ತೂಕದ, ಶೇಕಡಾ 40ರಷ್ಟು ಸುಟ್ಟ ರೋಗಿಗೆ ಇದು ಒಂದೇ ದಿನದಲ್ಲಿ 9.6 ಲೀಟರ್ ಆಗುತ್ತದೆ, ಅದರಲ್ಲಿ ಅರ್ಧಭಾಗ ಮೊದಲ 8 ಗಂಟೆಗಳಲ್ಲೇ ಒಳಹೋಗಬೇಕಾಗುತ್ತದೆ. ಇಂಥ ಲೆಕ್ಕಗಳು ವಾರ್ಡುಗಳಲ್ಲಿ ರೂಢಿಯಾದ ಮೇಲೆ ಶಾಕ್‌ನಿಂದ ಸಾಯುವವರು ಕಡಿಮೆಯಾದರು, ಆದರೆ ಹಾಗೆ ಉಳಿದವರಲ್ಲಿ ಅನೇಕರು ಎರಡನೆಯ, ಮೂರನೆಯ ವಾರದಲ್ಲಿ ಸೋಂಕಿಗೆ ಬಲಿಯಾಗತೊಡಗಿದರು. ಈ ಸೋಂಕನ್ನು ಗೆಲ್ಲಲು ಔಷಧಗಳಷ್ಟೇ ಸಾಕಾಗುವುದಿಲ್ಲವೆಂದೂ ಸತ್ತ ಚರ್ಮವನ್ನು ತೆಗೆದುಹಾಕಿ ಜೀವಂತ ಚರ್ಮದಿಂದ ಗಾಯವನ್ನು ಬೇಗ ಮುಚ್ಚುವುದೇ ಮುಖ್ಯ ಚಿಕಿತ್ಸೆಯೆಂದೂ ವೈದ್ಯಲೋಕ ಒಪ್ಪಿಕೊಳ್ಳುವುದಕ್ಕೆ ಬಹಳ ಕಾಲ ಹಿಡಿಯಿತು.

ವಯಸ್ಕರ ಮೈಮೇಲೆ ಒಂದೂವರೆಯಿಂದ ಎರಡು ಚದರ ಮೀಟರಿನಷ್ಟು ಹರಡಿರುವ ಚರ್ಮದಲ್ಲಿ ಎರಡು ಪದರಗಳಿವೆ. ಮೇಲಿನ ಹೊರಚರ್ಮ ಕಾಗದದಷ್ಟು ತೆಳ್ಳಗಿದ್ದರೂ ರೋಗಾಣುಗಳನ್ನು ತಡೆಯುವ, ನೀರು ಆವಿಯಾಗದಂತೆ ಕಾಯುವ ಕೆಲಸ ಅದರದೇ. ಅದರ ಕೆಳಗಿನ ಒಳಚರ್ಮ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳಿಂದ ಹೆಣೆದ ದಪ್ಪ ಹಾಸು, ರಕ್ತನಾಳ, ನರ, ಬೆವರಿನ ಗ್ರಂಥಿ ಮತ್ತು ಕೂದಲಿನ ಬುಡಗಳೆಲ್ಲ ಅದರಲ್ಲಿ ಹುದುಗಿರುತ್ತವೆ. ಕೂದಲಿನ ಬುಡ ಮತ್ತು ಬೆವರುಗ್ರಂಥಿಯ ಒಳಗೋಡೆಗೂ ಹೊರಚರ್ಮದ ಜೀವಕೋಶಗಳೇ ಹೊದಿಕೆಯಾಗಿರುವುದರಿಂದ, ಒಳಚರ್ಮದ ತಳಭಾಗ ಉಳಿದಿದ್ದರೆ ಆ ಕೋಶಗಳು ಮೇಲೆದ್ದು ಬಂದು ಎರಡು ಮೂರು ವಾರಗಳಲ್ಲಿ ಗಾಯವನ್ನು ತಾವಾಗಿ ಮುಚ್ಚುತ್ತವೆ. ಒಳಚರ್ಮ ಪೂರ್ತಿ ಬೆಂದುಹೋದರೆ ಆ ಬೀಜಕೋಶಗಳೇ ಉಳಿಯುವುದಿಲ್ಲ, ಗಾಯ ಅಂಚಿನಿಂದ ಮಾತ್ರ ಕೂಡಿಕೊಳ್ಳಬೇಕು. ಅಂಗೈಗಿಂತ ದೊಡ್ಡದಾದ ಗಾಯಕ್ಕೆ ಅದು ತಿಂಗಳುಗಟ್ಟಲೆಯ ಕೆಲಸ, ಕೂಡಿಕೊಂಡರೂ ಚರ್ಮ ಸೆಳೆದುಕೊಂಡು ಕೈಕಾಲು ಮಡಚಿಕೊಳ್ಳುವುದು ಹೆಚ್ಚುಕಡಿಮೆ ಖಚಿತ. ಬೊಬ್ಬೆ ಎದ್ದು, ಕೆಂಪಾಗಿ, ಮುಟ್ಟಿದರೆ ಉರಿಯುವ ಗಾಯವನ್ನು ಕಂಡು ಮನೆಯವರು ಹೆಚ್ಚು ಹೆದರುತ್ತಾರೆ, ಆದರೆ ಬಿಳಿಚಿಕೊಂಡ ಅಥವಾ ಕಂದುಗಟ್ಟಿದ, ಚುಚ್ಚಿದರೂ ನೋವಾಗದ ಗಾಯವೇ ಹೆಚ್ಚು ಆಳವಾದದ್ದು, ನರಗಳೂ ಸುಟ್ಟಿರುವುದರಿಂದಲೇ ಅಲ್ಲಿ ನೋವಿರುವುದಿಲ್ಲ.

ಗಾಯದ ಆಳ ಸುಟ್ಟ ಕ್ಷಣದಲ್ಲೇ ನಿರ್ಧಾರವಾಗಿಬಿಡುವುದಿಲ್ಲ ಎಂಬುದನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಡಗ್ಲಸ್ ಜಾಕ್ಸನ್ 1953ರಲ್ಲಿ ವಿವರಿಸಿದರು. ಅವರು ಗುರುತಿಸಿದಂತೆ ಪ್ರತಿ ಸುಟ್ಟಗಾಯದಲ್ಲಿ ಮೂರು ವಲಯಗಳಿರುತ್ತವೆ: ನಡುವೆ ಪೂರ್ತಿ ಸತ್ತ ಭಾಗ, ಅದರ ಸುತ್ತ ರಕ್ತಸಂಚಾರ ಮಂದವಾಗಿ ಸಾವು ಬದುಕಿನ ನಡುವೆ ಇರುವ ಭಾಗ, ಅದರ ಹೊರಗೆ ಕೆಂಪೇರಿದ್ದರೂ ಗುಣವಾಗುವ ಭಾಗ. ನಡುವಿನ ಆ ಅನಿಶ್ಚಿತ ವಲಯ ಎರಡು ಮೂರು ದಿನಗಳಲ್ಲಿ ಯಾವ ಕಡೆಗೆ ವಾಲುತ್ತದೆಂಬುದು ಕೊಟ್ಟ ಚಿಕಿತ್ಸೆಯನ್ನು ಅವಲಂಬಿಸಿದೆ. ದ್ರವ ಸಾಲದೆ ರಕ್ತ ತಲುಪದಿದ್ದರೆ, ಅಥವಾ ಸೋಂಕು ಹೊಕ್ಕರೆ, ಚರ್ಮದ ಕಸಿಯಿಲ್ಲದೆ ಗುಣವಾಗಬಹುದಾಗಿದ್ದ ಗಾಯವೂ ಕಸಿ ಬೇಡುವ ಆಳದ ಗಾಯವಾಗಿ ಬದಲಾಗುತ್ತದೆ. ಸುಟ್ಟ ತಕ್ಷಣ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಬೇಕೆಂಬ ಸಲಹೆಯ ಹಿಂದೆಯೂ ಚರ್ಮದಲ್ಲಿ ಉಳಿದ ಕಾವು ಇನ್ನಷ್ಟು ಆಳಕ್ಕಿಳಿಯದಂತೆ ತಡೆಯುವ ಉದ್ದೇಶವಿದೆ. ನಮ್ಮ ಮನೆಗಳಲ್ಲಿ ನೀರಿಗಿಂತ ಮೊದಲು ಕೈಗೆ ಸಿಗುವುದು ಇಡ್ಲಿ ಹಿಟ್ಟು, ತುಪ್ಪ, ಟೂತ್‌ಪೇಸ್ಟ್, ಕೆಲವೊಮ್ಮೆ ಶಾಯಿ. ಇವು ಗಾಯವನ್ನು ತಂಪು ಮಾಡುವುದಿಲ್ಲ, ವೈದ್ಯರಿಗೆ ಅದರ ಆಳ ಕಾಣದಂತೆ ಮುಚ್ಚುತ್ತವೆ, ಹುದುಗಿದ ಹಿಟ್ಟಂತೂ ಸೂಕ್ಷ್ಮಜೀವಿಗಳನ್ನು ನೇರವಾಗಿ ಗಾಯದ ಮೇಲೆಯೇ ತಂದು ಹಾಕುತ್ತದೆ.

ಬೆಂದು ಸತ್ತ ಚರ್ಮ ಮೈಗೆ ಅಂಟಿಕೊಂಡೇ ಗಟ್ಟಿಯಾಗಿ, ತೊಗಲಿನಂತೆ ಬಿಗಿದುಕೊಳ್ಳುತ್ತದೆ. ವೈದ್ಯಕೀಯದಲ್ಲಿ ಇದಕ್ಕೆ ಎಸ್ಕಾರ್ ಎಂದು ಹೆಸರು. ಬೆಚ್ಚಗಿನ, ತೇವದ, ಪ್ರೋಟೀನು ತುಂಬಿದ ಈ ಪದರದೊಳಗಿನ ರಕ್ತನಾಳಗಳೆಲ್ಲ ಹೆಪ್ಪುಗಟ್ಟಿ ಮುಚ್ಚಿಹೋಗಿರುವುದರಿಂದ, ರೋಗಾಣುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳಾಗಲಿ ರಕ್ತನಾಳದ ಮೂಲಕ ಕೊಟ್ಟ ಆ್ಯಂಟಿಬಯೋಟಿಕ್ ಆಗಲಿ ಅಲ್ಲಿಗೆ ತಲುಪಲಾರವು. ಬೆಂಕಿ ಚರ್ಮದ ಮೇಲ್ಮೈಯ ಸೂಕ್ಷ್ಮಜೀವಿಗಳನ್ನು ಬಹುಮಟ್ಟಿಗೆ ಕೊಂದಿದ್ದರೂ ಕೂದಲಿನ ಬುಡ ಮತ್ತು ಬೆವರುಗ್ರಂಥಿಗಳ ಆಳದಲ್ಲಿ ಬದುಕುಳಿದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಮೊದಲ ಎರಡು ದಿನಗಳಲ್ಲೇ ತಲೆಯೆತ್ತುತ್ತದೆ. ವಾರ ತುಂಬುವಷ್ಟರಲ್ಲಿ ರೋಗಿಯ ಕರುಳಿನಿಂದಲೋ ವಾರ್ಡಿನ ನಲ್ಲಿ, ಹಾಸಿಗೆ, ಕೈಗಳಿಂದಲೋ ಬಂದ ಸ್ಯೂಡೊಮೊನಾಸ್, ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ನಂಥ ಇನ್ನೊಂದು ಗುಂಪು ಅದರ ಜಾಗವನ್ನು ಹಿಡಿಯುತ್ತದೆ, ಆ್ಯಂಟಿಬಯೋಟಿಕ್‌ಗಳ ಬಳಕೆ ಬಹುದಿನ ನಡೆದ ಮೇಲೆ ಕ್ಯಾಂಡಿಡಾ, ಆಸ್ಪರ್ಜಿಲಸ್‌ನಂಥ ಶಿಲೀಂಧ್ರಗಳ ಸರದಿ ಬರುತ್ತದೆ. ಇವುಗಳಲ್ಲಿ ಸ್ಯೂಡೊಮೊನಾಸನ್ನು ಬರ್ನ್ಸ್ ವಾರ್ಡಿನ ದಾದಿಯರು ಪ್ರಯೋಗಾಲಯದ ವರದಿ ಬರುವ ಮೊದಲೇ ಡ್ರೆಸ್ಸಿಂಗಿನ ಹಸಿರು ಕಲೆ ಮತ್ತು ಸಿಹಿಬೆರೆತ ವಾಸನೆಯಿಂದ ಗುರುತಿಸುತ್ತಾರೆ. ಅಸಿನೆಟೊಬ್ಯಾಕ್ಟರ್ ಒಣಗಿದ ಮಂಚದ ಕಂಬಿಯ ಮೇಲೂ ವಾರಗಟ್ಟಲೆ ಬದುಕಬಲ್ಲುದು, ಬಹುತೇಕ ಔಷಧಗಳಿಗೆ ಬಗ್ಗದ ಅದರ ತಳಿಗಳು ಇಂದು ಭಾರತದ ದೊಡ್ಡ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವುದರಿಂದ ಪ್ರತಿ ರೋಗಿಯನ್ನು ಮುಟ್ಟುವ ಮುನ್ನ ಮತ್ತು ಮುಟ್ಟಿದ ಮೇಲೆ ಕೈತೊಳೆಯುವ ಸರಳ ಶಿಸ್ತಿಗೆ ಯಾವ ದುಬಾರಿ ಚುಚ್ಚುಮದ್ದೂ ಬದಲಿಯಾಗಲಾರದು.

ಗಾಯದಲ್ಲಿ ಬ್ಯಾಕ್ಟೀರಿಯಾ ಇರುವುದೇ ಸೋಂಕಲ್ಲ. ತೆರೆದ ಗಾಯ ಯಾವುದೂ ನಿರ್ಜೀವಾಣುವಾಗಿ ಉಳಿಯುವುದಿಲ್ಲ. ಬ್ಯಾಕ್ಟೀರಿಯಾ ಸತ್ತ ಪದರವನ್ನು ದಾಟಿ ಕೆಳಗಿನ ಜೀವಂತ ಅಂಗಾಂಶಕ್ಕೆ ನುಗ್ಗುವುದು ಅಪಾಯದ ಗೆರೆ. ಆ ಗೆರೆಗೊಂದು ಅಂಕಿಯನ್ನು ಕೊಟ್ಟವರು ಅಮೆರಿಕದ ಕ್ರಿಜೆಕ್ ಮತ್ತು ರಾಬ್ಸನ್ ಮುಂತಾದವರು. ಕಸಿ ಹಾಕುವ ಮುನ್ನ ಗಾಯದ ಚೂರು ಅಂಗಾಂಶವನ್ನು ತೆಗೆದು ಎಣಿಸಿದಾಗ ಗ್ರಾಮಿಗೆ 1 ಲಕ್ಷಕ್ಕಿಂತ ಕಡಿಮೆ ಬ್ಯಾಕ್ಟೀರಿಯಾ ಇದ್ದ ಗಾಯಗಳಲ್ಲಿ ಸರಾಸರಿ ಶೇಕಡಾ 94ರಷ್ಟು ಕಸಿ ಹಿಡಿಯಿತೆಂದೂ ಅದಕ್ಕಿಂತ ಹೆಚ್ಚಿದ್ದಲ್ಲಿ ಹಿಡಿದದ್ದು ಶೇಕಡಾ 19 ಮಾತ್ರವೆಂದೂ 1967ರಲ್ಲಿ ಪ್ರಕಟವಾದ ಅವರ ಅಧ್ಯಯನ ತೋರಿಸಿತು. ಇಷ್ಟೆಲ್ಲ ಲೆಕ್ಕವಿದ್ದರೂ ಹಾಸಿಗೆಯ ಬಳಿ ಸೋಂಕನ್ನು ಗುರುತಿಸುವುದು ಸುಲಭವಲ್ಲ, ಏಕೆಂದರೆ ದೊಡ್ಡ ಸುಟ್ಟಗಾಯದವರಿಗೆ ಸೋಂಕಿಲ್ಲದೆಯೂ ಜ್ವರ, ನಾಡಿಯ ವೇಗ, ಬಿಳಿ ರಕ್ತಕಣಗಳ ಏರಿಕೆ ಇದ್ದೇ ಇರುತ್ತವೆ. ಆದ್ದರಿಂದ ಅನುಭವಿ ವೈದ್ಯರು ಥರ್ಮಾಮೀಟರಿಗಿಂತ ಗಾಯವನ್ನೇ ಹೆಚ್ಚು ನಂಬುತ್ತಾರೆ: ನಿನ್ನೆ ಕೆಂಪಾಗಿದ್ದ ಜಾಗ ಇಂದು ಕಪ್ಪಾಗುವುದು ಅಥವಾ ನೇರಳೆ ಮಚ್ಚೆ ಮೂಡುವುದು, ಎಸ್ಕಾರ್ ಅವಧಿಗೆ ಮುಂಚೆಯೇ ಕಳಚಿಕೊಳ್ಳುವುದು, ಸುತ್ತಲಿನ ಒಳ್ಳೆಯ ಚರ್ಮ ಊದಿ ಕೆಂಪಾಗುವುದು, ಊಟ ಮಾಡುತ್ತಿದ್ದ ರೋಗಿ ಇದ್ದಕ್ಕಿದ್ದಂತೆ ಮಂಕಾಗುವುದು. ಇಂಥ ಚಿಹ್ನೆಗಳಿಲ್ಲದೆ ಮುಂಜಾಗ್ರತೆಯ ಹೆಸರಿನಲ್ಲಿ ಮೊದಲ ದಿನದಿಂದಲೇ ಆ್ಯಂಟಿಬಯೋಟಿಕ್ ಏರಿಸುವ ಪದ್ಧತಿ ಸೋಂಕನ್ನು ತಡೆಯುವುದಕ್ಕಿಂತ ಔಷಧಕ್ಕೆ ಬಗ್ಗದ ತಳಿಗಳನ್ನು ಬೆಳೆಸುವುದೇ ಹೆಚ್ಚು.

ರಕ್ತದ ಮೂಲಕ ತಲುಪದ ಜಾಗಕ್ಕೆ ಮೇಲಿನಿಂದಲೇ ಔಷಧ ತಲುಪಿಸುವ ಪ್ರಯತ್ನ 1960ರ ದಶಕದಲ್ಲಿ ತೀವ್ರಗೊಂಡಿತು. ಶೇಕಡಾ 0.5ರ ಸಿಲ್ವರ್ ನೈಟ್ರೇಟ್ ದ್ರಾವಣ ರೋಗಾಣುಗಳನ್ನು ಕೊಂದರೂ ರೋಗಿಯ ಹಾಸಿಗೆಯಿಂದ ಗೋಡೆಯವರೆಗೆ ಎಲ್ಲವನ್ನೂ ಕಪ್ಪಾಗಿಸುತ್ತಿತ್ತು, ಮೈಯಿಂದ ಸೋಡಿಯಂ ಅನ್ನು ಹೀರಿಕೊಳ್ಳುತ್ತಿತ್ತು. ಮ್ಯಾಫೆನೈಡ್ ಎಂಬ ಮುಲಾಮು ಎಸ್ಕಾರಿನ ಆಳಕ್ಕಿಳಿಯುವ ಗುಣವುಳ್ಳದ್ದಾಗಿದ್ದರೂ ಹಚ್ಚಿದಾಗ ಸಹಿಸಲಾಗದ ಉರಿಯನ್ನೂ ರಕ್ತದಲ್ಲಿ ಆಮ್ಲೀಯತೆಯ ಏರಿಕೆಯನ್ನೂ ತರುತ್ತಿತ್ತು. ಬೆಳ್ಳಿ ಮತ್ತು ಸಲ್ಫಾ ಔಷಧವನ್ನು ಕೂಡಿಸಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಫಾಕ್ಸ್ 1968ರಲ್ಲಿ ತಂದ ಸಿಲ್ವರ್ ಸಲ್ಫಾಡಯಾಜಿನ್ ಎಂಬ ಬಿಳಿ ಮುಲಾಮು ಉರಿಯಿಲ್ಲದೆ ಹಚ್ಚಬಹುದಾದ್ದರಿಂದ ಜಗತ್ತಿನೆಲ್ಲೆಡೆ ಹರಡಿ, ಭಾರತದ ಸಣ್ಣ ಊರಿನ ಔಷಧದಂಗಡಿಗಳಲ್ಲಿಯೂ ‘ಸುಟ್ಟಗಾಯದ ಮುಲಾಮು’ ಎಂದೇ ಹೆಸರಾಯಿತು. ಮೇಲುಮೇಲಿನ ಗಾಯ ಗುಣವಾಗುವುದನ್ನು ಈ ಮುಲಾಮು ನಿಧಾನಗೊಳಿಸುತ್ತದೆ, ಗಾಯದ ಮೇಲೆ ಸುಳ್ಳು ಪೊರೆಯೊಂದನ್ನು ಕಟ್ಟಿ ಆಳ ತಿಳಿಯದಂತೆ ಮಾಡುತ್ತದೆ ಎಂಬುದು ಬಹಳ ಹಿಂದೆಯೇ ಸ್ಪಷ್ಟವಾಗಿದ್ದರೂ, ಅದನ್ನು ಎಲ್ಲ ಗಾಯಕ್ಕೂ ವಾರಗಟ್ಟಲೆ ಬಳಿಯುವ ರೂಢಿ ಮುಂದುವರಿದಿರುವುದಕ್ಕೆ ಅಭ್ಯಾಸಬಲವನ್ನು ಬಿಟ್ಟು ಬೇರೆ ಸಮರ್ಥನೆ ಕಾಣುವುದಿಲ್ಲ.

ನಿಜವಾದ ತಿರುವು ಬಂದದ್ದು ಮುಲಾಮಿನ ಡಬ್ಬಿಯಿಂದಲ್ಲ. ಆಗಿನ ಯುಗೊಸ್ಲಾವಿಯಾಕ್ಕೆ ಸೇರಿದ್ದ, ಈಗ ಸ್ಲೊವೇನಿಯಾದಲ್ಲಿರುವ ಮಾರಿಬೋರ್ ಎಂಬ ಊರಿನ ಆಸ್ಪತ್ರೆಯಲ್ಲಿ ಜೋರಾ ಯಾನ್‌ಜೆಕೊವಿಚ್ ಎಂಬ ಶಸ್ತ್ರವೈದ್ಯೆ ಸುಟ್ಟಗಾಯದ ರೋಗಿಗಳನ್ನು ನೋಡಿಕೊಳ್ಳುತ್ತಿದ್ದರು. ಅಂದಿನ ಪದ್ಧತಿಯೆಂದರೆ ಎಸ್ಕಾರ್ ಕೊಳೆತು ತಾನಾಗಿ ಕಳಚಿ ಬೀಳುವವರೆಗೆ ಎರಡು ಮೂರು ವಾರ ಕಾದು, ಅದರಡಿಯಲ್ಲಿ ಮೂಡುವ ಕೆಂಪು ಹರಳುಹರಳಾದ ಹೊಸ ಅಂಗಾಂಶದ ಮೇಲೆ ಕಸಿ ಹಾಕುವುದು; ಅಂದರೆ ಸತ್ತ ಚರ್ಮವನ್ನು ಕಳಚುವ ಕೆಲಸವನ್ನು ವೈದ್ಯರು ಬ್ಯಾಕ್ಟೀರಿಯಾಗಳಿಗೇ ವಹಿಸಿದ್ದರು. ಯಾನ್‌ಜೆಕೊವಿಚ್ ಕಾಯಲಿಲ್ಲ. ಸುಟ್ಟ ಕೆಲವೇ ದಿನಗಳಲ್ಲಿ, ಸೋಂಕು ಬೇರುಬಿಡುವ ಮುನ್ನ, ಚರ್ಮ ಹೆರೆಯುವ ಉದ್ದನೆಯ ಚಾಕುವಿನಿಂದ ಸತ್ತ ಭಾಗವನ್ನು ತೆಳುಪದರಗಳಾಗಿ ಒಂದರ ಕೆಳಗೊಂದು ಹೆರೆಯುತ್ತ ಹೋಗಿ, ಬಿಳಿ ಹೊಳಪಿನ ಆರೋಗ್ಯವಂತ ಒಳಚರ್ಮದಿಂದ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು ಜಿನುಗಿದೊಡನೆ ನಿಲ್ಲಿಸಿ, ಅದೇ ಹೊತ್ತಿಗೆ ಅದರ ಮೇಲೆ ರೋಗಿಯದೇ ಚರ್ಮವನ್ನು ಹಾಸಿದರು. ಬದುಕಿರುವ ಒಳಚರ್ಮವೆಲ್ಲ ಉಳಿದದ್ದರಿಂದ ಬೆರಳುಗಳು ಮಡಚುವ ಶಕ್ತಿ ಕಳೆದುಕೊಳ್ಳಲಿಲ್ಲ, ಆಸ್ಪತ್ರೆಯ ವಾಸ ಕಡಿಮೆಯಾಯಿತು, ನೋವೂ ಇಳಿಯಿತು. 1970ರಲ್ಲಿ ಅಮೆರಿಕದ ‘ಜರ್ನಲ್ ಆಫ್ ಟ್ರಾಮಾ’ ಪತ್ರಿಕೆಯಲ್ಲಿ ಅವರ ಬರಹ ಪ್ರಕಟವಾದ ಮೇಲೆ ದೇಶವಿದೇಶಗಳ ವೈದ್ಯರು ಆ ಸಣ್ಣ ಊರಿಗೆ ಹೋಗಿ ಈ ವಿಧಾನವನ್ನು ಕಣ್ಣಾರೆ ಕಂಡು ಕಲಿತರು. ಇಂದು ಆಳದ ಸುಟ್ಟಗಾಯಕ್ಕೆ ಇದೇ ಒಪ್ಪಿತ ಮಾರ್ಗ. ಆದರೆ ಹೆರೆದಾಗ ರಕ್ತ ಧಾರಾಳವಾಗಿ ಹೋಗುತ್ತದೆ, ನುರಿತ ಅರಿವಳಿಕೆ ವೈದ್ಯರೂ ಬಾಟಲಿಗಟ್ಟಲೆ ರಕ್ತವೂ ಬೆಚ್ಚಗಿನ ಶಸ್ತ್ರಚಿಕಿತ್ಸಾ ಕೊಠಡಿಯೂ ಬೇಕಾಗುತ್ತವೆ. ಇವು ಒಟ್ಟಿಗೆ ದೊರೆಯದ, ರೋಗಿಗಳು ಬರುವುದೇ ತಡವಾಗುವ ಭಾರತದ ಅನೇಕ ಆಸ್ಪತ್ರೆಗಳಲ್ಲಿ ಹಳೆಯ ಕಾಯುವ ಪದ್ಧತಿ ಇನ್ನೂ ಉಳಿದಿದೆ.

ಚರ್ಮದ ಚೂರನ್ನು ಒಂದೆಡೆಯಿಂದ ತೆಗೆದು ಇನ್ನೊಂದೆಡೆ ನೆಡಬಹುದೆಂದು ಪ್ಯಾರಿಸಿನಲ್ಲಿ ತರಬೇತಿಯಲ್ಲಿದ್ದ ಸ್ವಿಸ್ ವೈದ್ಯ ಜಾಕ್-ಲೂಯಿ ರೆವರ್ಡಿನ್ 1869ರಲ್ಲಿ ತೋರಿಸಿದರು. ಅವರು ನೆಟ್ಟದ್ದು ಚಿವುಟಿದಷ್ಟು ಸಣ್ಣ ತುಣುಕುಗಳನ್ನು. ಒಳಚರ್ಮದ ಒಂದು ಭಾಗವನ್ನು ಮಾತ್ರ ಸೇರಿಸಿ ದೊಡ್ಡ ಹಾಳೆಗಳಾಗಿ ಚರ್ಮ ತೆಗೆಯುವ ಕ್ರಮವನ್ನು 1929ರಲ್ಲಿ ಶಸ್ತ್ರವೈದ್ಯರಾದ ಬ್ಲೇರ್ ಮತ್ತು ಬ್ರೌನ್ ನೆಲೆಗೊಳಿಸಿದರು. ಸಾಮಾನ್ಯವಾಗಿ ತೊಡೆಯಿಂದ, ಮಿಲಿಮೀಟರಿನ ಕಾಲುಭಾಗದಷ್ಟು ದಪ್ಪಕ್ಕೆ, ಭಾರತದ ವಾರ್ಡುಗಳಲ್ಲಿ ಹಂಬಿ ನೈಫ್ ಎಂದು ಕರೆಯುವ ಚಾಕುವಿನಿಂದ ಅಥವಾ ಡರ್ಮಟೋಮ್ ಎಂಬ ಯಂತ್ರದಿಂದ ಈ ಹಾಳೆಯನ್ನು ತೆಗೆಯುತ್ತಾರೆ. ಚರ್ಮ ಕೊಟ್ಟ ಜಾಗದಲ್ಲಿ ಕೂದಲಿನ ಬುಡಗಳು ಉಳಿದಿರುವುದರಿಂದ ಅದು ಹತ್ತು ಹದಿನಾಲ್ಕು ದಿನಗಳಲ್ಲಿ ತಾನಾಗಿ ಗುಣವಾಗುತ್ತದೆ, ಮತ್ತೆ ಕೆಲವು ವಾರಗಳ ಬಳಿಕ ಅಲ್ಲಿಂದಲೇ ಇನ್ನೊಂದು ಹಾಳೆಯನ್ನು ತೆಗೆಯಬಹುದು. ಚರ್ಮ ಸಾಲದೆ ಬಂದಾಗ ಯಂತ್ರದಲ್ಲಿ ಹಾಯಿಸಿ ಅದಕ್ಕೆ ಸಾಲುಸಾಲಾಗಿ ಸೀಳುಗಳನ್ನು ಮಾಡಿದರೆ ಬಲೆಯಂತೆ ಹಿಗ್ಗಿ ಒಂದೂವರೆ ಪಟ್ಟು, ಮೂರು ಪಟ್ಟು ಜಾಗವನ್ನು ಮುಚ್ಚುತ್ತದೆ. 1964ರಲ್ಲಿ ಟ್ಯಾನರ್ ಮತ್ತು ಸಂಗಡಿಗರು ತಂದ ಈ ವಿಧಾನದಲ್ಲಿ ಬಲೆಯ ಕಣ್ಣುಗಳ ಮೂಲಕ ಕೆಳಗಿನ ದ್ರವ ಹೊರಬರುವ ಅನುಕೂಲವೂ ಇದೆ, ಬಲೆಯ ಗುರುತು ಜೀವನಪರ್ಯಂತ ಚರ್ಮದ ಮೇಲೆ ಉಳಿಯುವುದರಿಂದ ಮುಖಕ್ಕೆ ಮಾತ್ರ ಅದನ್ನು ಬಳಸುವುದಿಲ್ಲ.

ಹಾಸಿದ ಚರ್ಮ ಹಿಡಿಯುವ ಕ್ರಮ ಕುತೂಹಲಕರವಾದದ್ದು. ತನ್ನ ರಕ್ತನಾಳಗಳಿಂದ ಕತ್ತರಿಸಲ್ಪಟ್ಟ ಆ ಹಾಳೆ ಮೊದಲ ಒಂದೆರಡು ದಿನ ಗಾಯದ ತಳದಿಂದ ಒಸರುವ ಪ್ಲಾಸ್ಮಾವನ್ನು, ಅಂದರೆ ರಕ್ತದ ಕಣರಹಿತ ದ್ರವವನ್ನು, ಹೀರಿಕೊಂಡೇ ಜೀವ ಹಿಡಿದಿರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ಎಂಬ ಪ್ರೋಟೀನು ಅದನ್ನು ತಳಕ್ಕೆ ಅಂಟಿಸಿ ಹಿಡಿಯುತ್ತದೆ. ಎರಡನೆಯ ಅಥವಾ ಮೂರನೆಯ ದಿನ ತಳದ ಸೂಕ್ಷ್ಮ ರಕ್ತನಾಳಗಳ ತುದಿಗಳು ಕಸಿಯೊಳಗಿನ ಹಳೆಯ ನಾಳಗಳ ಬಾಯಿಗೆ ಕೂಡಿಕೊಳ್ಳುತ್ತವೆ, ಐದರಿಂದ ಏಳನೆಯ ದಿನದ ಹೊತ್ತಿಗೆ ಹೊಸ ನಾಳಗಳೂ ಬೆಳೆದು ರಕ್ತಸಂಚಾರ ನೆಲೆಗೊಂಡು ಬಿಳಿಚಿದ್ದ ಹಾಳೆ ನಸುಗೆಂಪಾಗುತ್ತದೆ. ಈ ದಿನಗಳಲ್ಲಿ ಕಸಿಗೂ ತಳಕ್ಕೂ ನಡುವೆ ರಕ್ತ ಅಥವಾ ನೀರು ತುಂಬಿದರೆ, ಇಲ್ಲವೆ ಕಸಿ ಅಲುಗಿ ಜಾರಿದರೆ, ಆ ಎಳೆಯ ನಾಳಗಳು ತಲುಪಲಾರದೆ ಚರ್ಮ ಸಾಯುತ್ತದೆ. ದಪ್ಪನೆಯ ಒತ್ತುಪಟ್ಟಿ, ಕೀಲು ಅಲುಗದಂತೆ ಕಟ್ಟುವ ಸ್ಪ್ಲಿಂಟ್, ಐದನೆಯ ದಿನದವರೆಗೆ ಡ್ರೆಸ್ಸಿಂಗ್ ಬಿಚ್ಚದಿರುವ ಕಟ್ಟುಪಾಡು, ಗಾಳಿಯನ್ನು ಹೀರಿ ಕಸಿಯನ್ನು ತಳಕ್ಕೆ ಒತ್ತಿಹಿಡಿಯುವ ನಿರ್ವಾತ ಯಂತ್ರ ಇವೆಲ್ಲ ಇದಕ್ಕಾಗಿಯೇ ಇವೆ.

ಸೋಂಕು ಇಲ್ಲಿ ಮತ್ತೆ ತಲೆಹಾಕುತ್ತದೆ, ಅದರಲ್ಲೂ ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್ ಎಂಬ ಬ್ಯಾಕ್ಟೀರಿಯಾ. ಗಂಟಲುನೋವಿಗೂ ಕಾರಣವಾಗುವ ಈ ಜೀವಿ ಫೈಬ್ರಿನ್ ಅಂಟನ್ನೇ ಕರಗಿಸುವ ಕಿಣ್ವವನ್ನು ಸ್ರವಿಸುವುದರಿಂದ ಹಾಸಿದ ಕಸಿಯೆಲ್ಲ ಒಂದೇ ರಾತ್ರಿಯಲ್ಲಿ ಕಳಚಿ ತೇಲಿಬಿಡಬಹುದು. ಗಾಯದಲ್ಲಿ ಅದು ಕಂಡರೆ ನಿವಾರಿಸುವವರೆಗೂ ಯಾವ ಶಸ್ತ್ರವೈದ್ಯರೂ ಕಸಿಗೆ ಕೈ ಹಾಕುವುದಿಲ್ಲ. ಸ್ಯೂಡೊಮೊನಾಸ್ ಬೇರೆ ಬಗೆಯದು: ಅಂಟಂಟಾದ ಪೊರೆಯೊಂದನ್ನು ಹೆಣೆದುಕೊಂಡು ಅದರೊಳಗೆ ಔಷಧಕ್ಕೆ ಸಿಗದಂತೆ ಅಡಗಿ, ಕಸಿಯನ್ನು ಅಂಚಿನಿಂದ ನಿಧಾನವಾಗಿ ತಿನ್ನುತ್ತದೆ. ಇವೆರಡೂ ಇಲ್ಲದಿದ್ದರೂ ಹಸಿದ ಮೈಯಲ್ಲಿ ಕಸಿ ಹಿಡಿಯುವುದಿಲ್ಲ. ದೊಡ್ಡ ಸುಟ್ಟಗಾಯದ ರೋಗಿಯ ದೇಹ ಮಲಗಿದಲ್ಲೇ ಎಂದಿಗಿಂತ ಬಹಳ ಹೆಚ್ಚು ಶಕ್ತಿಯನ್ನು ಸುಡುತ್ತ, ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತಿರುವುದರಿಂದ ದಿನಕ್ಕೆ ತೂಕದ ಪ್ರತಿ ಕಿಲೋಗೆ ಒಂದೂವರೆಯಿಂದ ಎರಡು ಗ್ರಾಂ ಪ್ರೋಟೀನು ಬೇಕು. ಗಾಯಕ್ಕೆ ಕೀವು ಆಗುತ್ತದೆಂದು ಮೊಟ್ಟೆ, ಬೇಳೆ, ಮೀನುಗಳನ್ನು ತಪ್ಪಿಸಿ ಗಂಜಿ ಬ್ರೆಡ್ಡಿನ ಪಥ್ಯ ನಡೆಸುವ ಮನೆಯವರು ತಿಳಿಯದೆಯೇ ಶಸ್ತ್ರಚಿಕಿತ್ಸೆಯ ಫಲವನ್ನು ಕೆಡಿಸುತ್ತಾರೆ. ಮೊದಲೇ ರಕ್ತಹೀನತೆ ಇರುವ ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಗಂಭೀರ. ಅಡುಗೆಮನೆಯ ಬೆಂಕಿಗೆ ಹೆಚ್ಚಾಗಿ ಸಿಕ್ಕುವವರೂ ಅವರೇ.

ಮೈಯ ಅರ್ಧಕ್ಕಿಂತ ಹೆಚ್ಚು ಸುಟ್ಟವರ ಮೈಯಲ್ಲಿ ಕಸಿಗೆ ಬೇಕಾದಷ್ಟು ಚರ್ಮವೇ ಉಳಿದಿರುವುದಿಲ್ಲ. ಇನ್ನೊಬ್ಬರ ಚರ್ಮ ಶಾಶ್ವತವಾಗಿ ನಿಲ್ಲದು ಎಂಬುದನ್ನು ಎರಡನೇ ಮಹಾಯುದ್ಧದ ನಡುವೆ ಗ್ಲಾಸ್ಗೊ ನಗರದಲ್ಲಿ ಸುಟ್ಟಗಾಯದ ಮಹಿಳೆಯೊಬ್ಬರಿಗೆ ಆಕೆಯ ಸೋದರನ ಚರ್ಮದ ತುಣುಕುಗಳನ್ನು ನೆಟ್ಟಾಗ ಥಾಮಸ್ ಗಿಬ್ಸನ್ ಮತ್ತು ಪೀಟರ್ ಮೆಡಾವರ್ ಗಮನಿಸಿದರು. ಎರಡನೆಯ ಬಾರಿ ನೆಟ್ಟ ತುಣುಕುಗಳು ಮೊದಲಿನವಕ್ಕಿಂತ ಬೇಗ ನಾಶವಾದದ್ದರಿಂದ ತಿರಸ್ಕರಿಸುತ್ತಿರುವುದು ದೇಹದ ರೋಗನಿರೋಧಕ ವ್ಯವಸ್ಥೆಯೇ ಎಂಬುದು 1943ರ ಅವರ ವರದಿಯಿಂದ ಸ್ಪಷ್ಟವಾಯಿತು. ಮೂತ್ರಪಿಂಡ, ಯಕೃತ್ತುಗಳ ಕಸಿಗೆ ಅಡಿಪಾಯವಾದ, ಮೆಡಾವರ್‌ಗೆ 1960ರ ನೊಬೆಲ್ ತಂದುಕೊಟ್ಟ ಸಂಶೋಧನೆ ಹೀಗೆ ಹುಟ್ಟಿದ್ದು ಸುಟ್ಟಗಾಯದ ವಾರ್ಡಿನಲ್ಲಿ. ಆದರೂ ಪರರ ಚರ್ಮ ಎರಡು ಮೂರು ವಾರ ನಿಂತರೂ ಸಾಕು. ಅಷ್ಟರಲ್ಲಿ ಅದು ದ್ರವ ಸೋರಿಕೆ ಮತ್ತು ಸೋಂಕುಗಳನ್ನು ತಡೆದು, ನೋವನ್ನು ತಗ್ಗಿಸಿ, ರೋಗಿಯ ಸ್ವಂತ ಚರ್ಮ ಮತ್ತೆ ಬೆಳೆಯಲು ಕಾಲಾವಕಾಶ ಕೊಡುತ್ತದೆ. ಅದು ಸಿಗದ ಕಡೆಗಳಲ್ಲಿ ಕೊಲಾಜೆನ್ ಹಾಳೆಯನ್ನೂ ಗರ್ಭದಲ್ಲಿ ಶಿಶುವನ್ನು ಸುತ್ತುವರಿದಿದ್ದು ಹೆರಿಗೆಯ ಬಳಿಕ ದೊರೆಯುವ ಪೊರೆಯನ್ನೂ ಬಳಸುತ್ತಾರೆ. ಮುಂಬಯಿಯ ವೈದ್ಯರು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು, ಮುಂದೆ ಬಾಳೆಯೆಲೆಯನ್ನು, ಶುದ್ಧೀಕರಿಸಿ ಗಾಯಕ್ಕೆ ಅಂಟಿಕೊಳ್ಳದ ಅಗ್ಗದ ಡ್ರೆಸ್ಸಿಂಗಾಗಿ ಪರೀಕ್ಷಿಸಿ ಒಳ್ಳೆಯ ಫಲ ಕಂಡಿದ್ದಾರೆ, ಆದರೆ ಅವು ಮೇಲ್ಪದರದ ಗಾಯಕ್ಕೂ ಚರ್ಮ ತೆಗೆದ ಜಾಗಕ್ಕೂ ಹೊಂದುವ ಹೊದಿಕೆಗಳೇ ಹೊರತು ಚರ್ಮಕ್ಕೆ ಬದಲಿಯಲ್ಲ.

ಕಸಿ ಹಿಡಿದ ಮೇಲೂ ಕೆಲಸ ಮುಗಿಯುವುದಿಲ್ಲ. ಹೊಸ ಚರ್ಮದಲ್ಲಿ ಬೆವರು ಮತ್ತು ಎಣ್ಣೆಯ ಗ್ರಂಥಿಗಳಿಲ್ಲದ ಕಾರಣ ತೆಂಗಿನೆಣ್ಣೆಯಂಥ ಜಿಡ್ಡನ್ನು ದಿನವೂ ಹಚ್ಚಬೇಕು, ಬಿಸಿಲಿನಿಂದ ಕಾಯಬೇಕು, ಗಾಯದ ಕಲೆ ಉಬ್ಬದಂತೆ ಒತ್ತುಬಟ್ಟೆಯನ್ನು ತಿಂಗಳುಗಟ್ಟಲೆ ತೊಡಬೇಕು, ಕುತ್ತಿಗೆ, ಕಂಕುಳು, ಮೊಣಕೈಗಳು ಸೆಳೆದುಕೊಳ್ಳದಂತೆ ವ್ಯಾಯಾಮವನ್ನು ಬಿಡಬಾರದು.

ಕೇಂದ್ರ ಸರ್ಕಾರದ ಸುಟ್ಟಗಾಯ ನಿಯಂತ್ರಣ ಕಾರ್ಯಕ್ರಮದ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 70 ಲಕ್ಷ ಸುಟ್ಟಗಾಯದ ಪ್ರಕರಣಗಳೂ 1.4 ಲಕ್ಷ ಸಾವುಗಳೂ ಸಂಭವಿಸುತ್ತವೆ. ಈ ಅಗತ್ಯದ ಮುಂದೆ ದಾನವಾಗಿ ದೊರೆಯುವ ಚರ್ಮ ಏನೇನೂ ಅಲ್ಲ, ಕಣ್ಣಿನ ದಾನದ ಬಗ್ಗೆ ಇರುವ ತಿಳಿವಳಿಕೆ ಚರ್ಮದಾನದ ಬಗ್ಗೆ ಇನ್ನೂ ಮೂಡಿಲ್ಲ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಿಂದ ಚರ್ಮ ಬ್ಯಾಂಕ್ ಇದೆ, ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಯಲ್ಲೂ ಇಂಥ ವ್ಯವಸ್ಥೆಯಿದೆ. 18 ವರ್ಷ ದಾಟಿದ ಯಾರೇ ತೀರಿಕೊಂಡರೂ ಆರು ಗಂಟೆಯೊಳಗೆ ಕರೆ ಹೋದರೆ ಸಿಬ್ಬಂದಿ ಮನೆಗೇ ಬಂದು ತೊಡೆ, ಕಾಲು ಮತ್ತು ಬೆನ್ನಿನಿಂದ ಮೇಲ್ಪದರವನ್ನಷ್ಟೇ ತೆಗೆಯುತ್ತಾರೆ. ರಕ್ತ ಸುರಿಯುವುದಿಲ್ಲ, ದೇಹ ವಿರೂಪವಾಗುವುದಿಲ್ಲ, ರಕ್ತದ ಗುಂಪು ಹೊಂದಬೇಕಾಗಿಲ್ಲ. ಎಚ್‌ಐವಿ, ಹೆಪಟೈಟಿಸ್, ಚರ್ಮದ ಕ್ಯಾನ್ಸರ್ ಇದ್ದವರ ಚರ್ಮವನ್ನು ಮಾತ್ರ ಸ್ವೀಕರಿಸುವುದಿಲ್ಲ. ಗ್ಲಿಸರಾಲ್‌ನಲ್ಲಿ ಇಟ್ಟು ತಂಪುಪೆಟ್ಟಿಗೆಯಲ್ಲಿ ಕಾದಿರಿಸಿದರೆ ಅದು ಐದು ವರ್ಷದವರೆಗೂ ಕೆಡದೆ ಉಳಿಯುತ್ತದೆ. ಸಾವಿನ ಮನೆಯಲ್ಲಿ ಕಣ್ಣಿನ ಬ್ಯಾಂಕಿಗೆ ಫೋನು ಮಾಡುವವರು ಅದೇ ಹೊತ್ತಿಗೆ ಚರ್ಮದ ಬ್ಯಾಂಕಿಗೂ ಒಂದು ಕರೆ ಮಾಡಬೇಕು.